ಅಮ್ಮನ ಮರೆವು

ಔಷಧಿ ಅಂಗಡಿಯ ಗಿರಾಕಿಗಳು ಚೂಟಿಗೆ ಇಟ್ಟಿದ್ದ ಹೆಸರು 'ಪ್ರಶ್ನೆಪತ್ರಿಕೆ'. ಚೀಟಿ ಕೊಟ್ಟು ಮಾತ್ರೆ ಹಿಡಿದು ಓಡುವ ಅವಸರದಲ್ಲಿ ಬಂದವರನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ಇದು ಹೊಸ ಮಾತ್ರೆಯೋ, ಹಳೆಯದೋ? ಹೊಸದಾದರೆ ಹಳೆಯದನ್ನು ನಿಲ್ಲಿಸಲು ಡಾಕ್ಟರು ಹೇಳಿದ್ದಾರೋ ಇಲ್ಲವೋ? ಹಳೆಯ ಸ್ಟ್ರಿಪ್ ಮನೆಯಲ್ಲಿ ಇನ್ನೂ ಉಳಿದಿದೆಯೋ? ಮಾತ್ರೆ ತೆಗೆದು ಕೊಡುವವರು ಯಾರು? ಇಷ್ಟೂ ಕೇಳಿ, ಉತ್ತರ ಸರಿಹೋಗದಿದ್ದರೆ ಮತ್ತೊಮ್ಮೆ ಕೇಳಿ, ಆಮೇಲೆಯೇ ಪೊಟ್ಟಣ ಕೈಗೆ ಕೊಡುತ್ತಿದ್ದಳು. ಸಾಲಿನ ಕೊನೆಯಲ್ಲಿ ನಿಂತವರು ಗೊಣಗುತ್ತಿದ್ದರು. ಅಂಗಡಿಯ ಫಾರ್ಮಸಿಸ್ಟ್ ಮೇಡಂ ಮಾತ್ರ ಐದು ವರ್ಷದಲ್ಲಿ ಒಮ್ಮೆಯೂ ಅವಳನ್ನು ತಡೆದಿರಲಿಲ್ಲ.

ಚೂಟಿ ಎನ್ನುವುದು ಮನೆಯವರು ಕರೆಯುತ್ತಿದ್ದ ಹೆಸರು. ಮೂರು ವರ್ಷದವಳಿದ್ದಾಗಲೇ ಯಾರ ಚಪ್ಪಲಿ ಯಾವುದು, ಯಾವ ಬೀಗಕ್ಕೆ ಯಾವ ಕೀಲಿ ಎಂದು ಪಟಪಟನೆ ಹೇಳುತ್ತಿದ್ದಳಂತೆ. ಹೆಸರು ಹಾಗೇ ಅಂಟಿಕೊಂಡಿತು. ಈಗ ಅವಳಿಗೆ ಇಪ್ಪತ್ತನಾಲ್ಕು. ಶಾಲೆ ಮುಗಿದ ಮೇಲೆ ಅಂಗಡಿಯ ಕೌಂಟರಿಗೆ ಬಂದು ನಿಂತವಳಿಗೆ, ಮುಂದೆ ಓದಬೇಕು, ಫಾರ್ಮಸಿ ಕಾಲೇಜು ಸೇರಬೇಕು ಎನ್ನುವ ಆಸೆ ಮೊದಲ ವರ್ಷದಿಂದಲೇ ಇತ್ತು. ಅಂಕಗಳಿದ್ದವು, ಕೆಲಸದ ಅನುಭವವಿತ್ತು, ಮೇಡಂ ಶಿಫಾರಸು ಪತ್ರ ಕೊಡಲು ಸಿದ್ಧರಿದ್ದರು. ಬಾಕಿ ಉಳಿದದ್ದು ಒಂದೇ: ಅರ್ಜಿಯ ಜೊತೆ ಲಗತ್ತಿಸಬೇಕಾದ ಪರ್ಸನಲ್ ಸ್ಟೇಟ್‌ಮೆಂಟ್. 'ಈ ವೃತ್ತಿಯನ್ನು ಏಕೆ ಆರಿಸಿಕೊಂಡಿರಿ? ಎಂಟುನೂರು ಪದ ಮೀರದಂತೆ ನಿಮ್ಮ ಮಾತಿನಲ್ಲಿ ಬರೆಯಿರಿ.'

ಮಧ್ಯಾಹ್ನ ಗಿರಾಕಿಗಳು ಕಡಿಮೆಯಾಗುವ ಹೊತ್ತಿನಲ್ಲಿ, ಹಿಂದಿನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಅವಳು ಬರೆದಳು. ಬಾಲ್ಯದಿಂದಲೂ ನನಗೆ ಜನರ ಸೇವೆಯಲ್ಲಿ ಆಸಕ್ತಿ, ವಿಜ್ಞಾನವೆಂದರೆ ಪ್ರಾಣ, ಆರೋಗ್ಯವೇ ಭಾಗ್ಯ. ಮೂರು ದಿನ ಉಜ್ಜಿ ಉಜ್ಜಿ ತಿದ್ದಿ, ಮೇಡಂಗೆ ಕೊಟ್ಟಳು.

ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಓದಿದರು. ಓದಿ ಹಾಳೆಯನ್ನು ಹಿಂದಕ್ಕೆ ಕೊಟ್ಟರು.

"ತಪ್ಪೇನಿಲ್ಲ. ಆದ್ರೆ ಇದನ್ನ ಯಾರು ಬೇಕಾದ್ರೂ ಬರೀಬಹುದು. ನಮ್ಮ ಅಂಗಡಿ ಬೆಕ್ಕಿಗೆ ಪೆನ್ನು ಕೊಟ್ರೆ ಅದೂ ಬರಿಯುತ್ತೆ."

ಚೂಟಿ ನಕ್ಕಳು. ಮೇಡಂ ನಗಲಿಲ್ಲ.

"ನೀನು ಬಂದವರನ್ನೆಲ್ಲ ಹಿಡಿದು ಕೂರಿಸಿ ಹಳೇ ಮಾತ್ರೆ ನಿಲ್ಲಿಸಿದ್ರಾ ಅಂತ ಕೇಳ್ತೀಯಲ್ಲ, ಅದನ್ನ ನಾನು ಕಲಿಸಿಲ್ಲ. ಬಂದ ಮೊದಲ ದಿನಾನೇ ಕೇಳ್ತಿದ್ದೆ. ಅದ್ಯಾಕೆ ಅಂತ ಬರಿ. ನಿನ್ನ ಉತ್ತರ ಅಲ್ಲೆಲ್ಲೋ ಇದೆ."

ಅಷ್ಟು ಹೇಳಿ ಅವರು ಕೌಂಟರಿಗೆ ಹೋದರು. ಉತ್ತರ ಎಲ್ಲಿದೆ ಎನ್ನುವುದು ಚೂಟಿಗೆ ಚೆನ್ನಾಗಿ ಗೊತ್ತಿತ್ತು. ಎಂಟು ವರ್ಷದಿಂದ ಅವಳು ಅದನ್ನೇ ಬಚ್ಚಿಟ್ಟುಕೊಂಡಿದ್ದಳು.

ಆಗ ಅವಳಿಗೆ ಹದಿನಾರು. ಅಮ್ಮ ಸಮವಸ್ತ್ರ ಹೊಲಿಯುವ ದೊಡ್ಡ ಘಟಕವೊಂದರಲ್ಲಿ ಬಟ್ಟೆ ಕತ್ತರಿಸುವ ಕೆಲಸದಲ್ಲಿದ್ದಳು. ಮೇಜಿನ ಮೇಲೆ ನೂರು ಪದರ ಬಟ್ಟೆ ಹಾಸಿ, ಮೇಲಿನ ಪದರದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ವಿದ್ಯುತ್ ಕತ್ತರಿಯನ್ನು ಆ ಗೆರೆಯ ಮೇಲೆ ನಡೆಸುವುದು. ಗೆರೆ ಒಂದು ಬೆರಳು ಜರುಗಿದರೆ ನೂರು ಅಂಗಿ ಹಾಳು. ಹದಿನೇಳು ವರ್ಷದಲ್ಲಿ ಅಮ್ಮನ ಗೆರೆ ಜರುಗಿರಲಿಲ್ಲ. ಅಳತೆಯನ್ನು ಅವಳು ಬರೆದಿಟ್ಟುಕೊಳ್ಳುತ್ತಲೂ ಇರಲಿಲ್ಲ. ಎಲ್ಲ ತಲೆಯಲ್ಲಿ.

ಅಮ್ಮನಿಗೆ ರಕ್ತದೊತ್ತಡವಿತ್ತು. ದಿನಕ್ಕೊಂದು ಬಿಳಿ ಮಾತ್ರೆ. ವಾರಕ್ಕಾಗುವಷ್ಟನ್ನು ಏಳು ಖಾನೆಯ ಡಬ್ಬಿಯಲ್ಲಿ ತುಂಬಿಡುವುದು ಚೂಟಿಯ ಕೆಲಸ. ಮನೆಯ ಚುರುಕು ಹುಡುಗಿ ಅವಳೇ ಅಲ್ಲವೇ? ಒಂದು ಶನಿವಾರ ಡಾಕ್ಟರು ಮಾತ್ರೆ ಬದಲಾಯಿಸಿ, ಹೆಚ್ಚು ಬಲದ ಹಳದಿ ಮಾತ್ರೆ ಬರೆದರು. ಅಮ್ಮ ಕೆಲಸದಲ್ಲಿದ್ದುದರಿಂದ ಚೀಟಿ ಹಿಡಿದು ಅಂಗಡಿಗೆ ಹೋದವಳು ಚೂಟಿ. ಮಾತ್ರೆ ಕೊಟ್ಟಾತ, ಬಿಳಿಯದನ್ನು ಇನ್ನು ಕೊಡಬಾರದು, ಹಳದಿ ಒಂದೇ ಸಾಕು ಎಂದು ಸ್ಪಷ್ಟವಾಗಿಯೇ ಹೇಳಿದ. ಅವಳು ಹೂಂಗುಟ್ಟಿದಳು. ಪಕ್ಕದಲ್ಲಿ ಗೆಳತಿ ನಿಂತಿದ್ದಳು, ಪರೀಕ್ಷೆ ಮುಗಿದ ಖುಷಿಯಲ್ಲಿ ಇಬ್ಬರೂ ಏನೋ ನಗುತ್ತಿದ್ದರು. ಮಾತು ಈ ಕಿವಿಯಲ್ಲಿ ಹೋಗಿ ಆ ಕಿವಿಯಲ್ಲಿ ಬಂತು. ಭಾನುವಾರ ಅವಳು ಏಳು ಖಾನೆಗೂ ಒಂದು ಬಿಳಿ, ಒಂದು ಹಳದಿ ಹಾಕಿ ಮುಚ್ಚಳ ಒತ್ತಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಅಮ್ಮ ಬಚ್ಚಲಿನ ಬಾಗಿಲಲ್ಲಿ ಕುಸಿದು ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು, ಹಣೆ ಒಡೆಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಪ್ರೆಶರ್ ನೋಡಿ, ಇಷ್ಟು ಇಳಿಯಬೇಕಾದರೆ ಮಾತ್ರೆ ದುಪ್ಪಟ್ಟು ಹೊಟ್ಟೆಗೆ ಹೋಗಿರಬೇಕು ಎಂದರು. ಚೂಟಿಯ ಕಿವಿಯಲ್ಲಿ ಅಂಗಡಿಯವನ ಮಾತು ಆಗ ಬಂದು ನಿಂತಿತು. ಬಟ್ಟೆ ತರುತ್ತೇನೆಂದು ಅಪ್ಪನಿಗೆ ಹೇಳಿ ಮನೆಗೆ ಓಡಿದಳು. ಉಳಿದ ಮೂರು ಖಾನೆಗಳಿಂದ ಬಿಳಿ ಮಾತ್ರೆಗಳನ್ನು ಆರಿಸಿ ತೆಗೆದು ಬಚ್ಚಲಿಗೆ ಸುರಿದು ನೀರು ಬಿಟ್ಟಳು. ಅಮ್ಮ ಮತ್ತೆ ನುಂಗದಿರಲೆಂದು ಹಾಗೆ ಮಾಡಿದೆ ಎಂದು ಆ ಕ್ಷಣಕ್ಕೆ ತನಗೇ ಹೇಳಿಕೊಂಡಳು. ಆದರೆ ಅಮ್ಮ ಇದ್ದದ್ದು ಆಸ್ಪತ್ರೆಯಲ್ಲಿ.

ಸಂಜೆ ಅಮ್ಮನಿಗೆ ಪೂರ್ತಿ ಎಚ್ಚರವಾದಾಗ ಅಪ್ಪ ಕೇಳಿದರು. ಅಮ್ಮ, ಡಬ್ಬಿಯಲ್ಲಿ ಎರಡಿದ್ದವು, ಎರಡೂ ತೆಗೆದುಕೊಂಡೆ ಎಂದಳು. ಅಪ್ಪ ಡಬ್ಬಿ ತರಿಸಿ ಮುಚ್ಚಳ ತೆಗೆದು ತೋರಿಸಿದರು. ಖಾನೆಗೆ ಒಂದೊಂದೇ ಹಳದಿ ಮಾತ್ರೆ.

"ನೋಡು. ಒಂದೇ ಇರೋದು. ಡಬ್ಬಿದು ತಗೊಂಡು, ಮರೆತು, ಸ್ಟ್ರಿಪ್‌ನಿಂದ ಇನ್ನೊಂದು ತಗೊಂಡಿದೀಯ."

ಅಮ್ಮ ಡಬ್ಬಿಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ, ಇರಬಹುದು ಎಂದಳು. ಚೂಟಿ ಮಂಚದ ಕಾಲ ಬಳಿ ನಿಂತಿದ್ದಳು. ನಾಲಿಗೆ ಹೊರಳಲಿಲ್ಲ.

ಅಂದಿನಿಂದ ಅಮ್ಮ ಮರೆಗುಳಿಯಾದಳು. ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಒಂದು ನಟ್ಟು ಸಡಿಲವಿದ್ದರೆ ಇಡೀ ಲಿಫ್ಟನ್ನು ಅನುಮಾನಿಸಬೇಕು ಎನ್ನುವುದು ಅವರ ವೃತ್ತಿಧರ್ಮ. ಮಾತ್ರೆಗಳನ್ನು ತಾವೇ ಕೊಡತೊಡಗಿದರು. ಒಲೆಯ ಮೇಲೆ 'ಗ್ಯಾಸ್ ಆಫ್ ಮಾಡು', ಬಾಗಿಲ ಮೇಲೆ 'ಕೀಲಿ ತಗೋ', ನಲ್ಲಿಯ ಮೇಲೆ 'ನಿಲ್ಲಿಸು' ಎಂದು ಚೀಟಿ ಅಂಟಿಸಿದರು. ಎಲ್ಲವೂ ಪ್ರೀತಿಯಿಂದಲೇ. ಕೈ ಕೂಡಿದ ಮೇಲೆ ಅಮ್ಮ ಕೆಲಸಕ್ಕೆ ಮರಳಿದಳು. ಆದರೆ ಒಂದೊಂದು ಗೆರೆಯನ್ನೂ ನಾಲ್ಕು ಸಲ ಅಳೆದಳು, ಕತ್ತರಿ ಹಿಡಿದು ನಿಂತೇ ಇದ್ದಳು. ಎರಡು ತಿಂಗಳಿಗೆ ತಾನಾಗಿಯೇ ಬಿಟ್ಟುಬಂದಳು. ಯಾರೂ ಹೋಗೆನ್ನಲಿಲ್ಲ. ಚಿಕ್ಕಪ್ಪ ಮನೆಗೆ ಬಂದಾಗಲೆಲ್ಲ, "ಅತ್ತಿಗೆ, ನನ್ನ ಹೆಸರಾದ್ರೂ ನೆನಪಿದೆಯಾ?" ಎಂದು ತಮಾಷೆ ಮಾಡುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ಚೂಟಿಯೂ.

ಮೇಡಂ ಹೇಳಿದ ಮೇಲೆ ಒಂದು ವಾರ ಅವಳು ಪೆನ್ನು ಮುಟ್ಟಲಿಲ್ಲ. ಅರ್ಜಿ ಸಲ್ಲಿಸಲು ಇನ್ನು ಹನ್ನೆರಡೇ ದಿನವಿತ್ತು. ಎಂಟನೆಯ ದಿನ ಅಂಗಡಿಗೆ ಬೇಗ ಬಂದು, ಬಾಗಿಲು ತೆರೆಯುವ ಮುಂಚೆ ಒಂದೇ ಉಸಿರಿನಲ್ಲಿ ಬರೆದುಬಿಟ್ಟಳು. ಚೀಟಿ, ಗೆಳತಿ, ಬಿಳಿ, ಹಳದಿ, ಬಚ್ಚಲು, ಎಲ್ಲ. ಬರೆದು ಮುಗಿಸಿದಾಗ ಆರುನೂರು ಪದಗಳಾಗಿದ್ದವು. ಕಥೆ ಹೀಗೆ ನಡುವೆಯೇ ನಿಂತರೆ ಕಾಲೇಜಿನವರು ಏನೆಂದುಕೊಂಡಾರು ಎನಿಸಿತು. ಇಂಥ ಬರಹಕ್ಕೆ ಒಳ್ಳೆಯ ಮುಕ್ತಾಯ ಬೇಕೆಂದು ಎಲ್ಲೋ ಓದಿದ್ದಳು. ಕೊನೆಗೆ ಒಂದು ಪ್ಯಾರಾ ಸೇರಿಸಿದಳು: 'ನಾನು ಅಮ್ಮನಿಗೆ ಸತ್ಯ ಹೇಳಿದೆ. ಅವರು ನನ್ನನ್ನು ಅಪ್ಪಿಕೊಂಡು ಕ್ಷಮಿಸಿದರು. ಆ ಕ್ಷಮೆಯೇ ನನ್ನನ್ನು ಈ ವೃತ್ತಿಗೆ ಕರೆತಂದಿದೆ.'

ಮೇಡಂ ಈ ಸಲ ನಿಂತೇ ಓದಿದರು. ಅರ್ಧಕ್ಕೆ ಬಂದಾಗ ಸ್ಟೂಲು ಎಳೆದುಕೊಂಡು ಕೂತರು. ಮುಗಿದ ಮೇಲೆ ಹಾಳೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಇದು ಯಾವಾಗ? ಅಮ್ಮನಿಗೆ ಹೇಳಿದ್ದು?"

ಚೂಟಿ ತಲೆ ತಗ್ಗಿಸಿದಳು. ಮೇಡಂಗೆ ಅರ್ಥವಾಯಿತು. ಅವರು ಗದರಲಿಲ್ಲ, ಗದರಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ.

"ನೋಡು, ಅವತ್ತು ನಿಂಗೆ ಹದಿನಾರು. ಕೈತಪ್ಪು ಯಾರಿಂದ್ಲೂ ಆಗುತ್ತೆ, ನನ್ನಿಂದಾನೂ ಆಗಿದೆ. ಆದ್ರೆ ಆಮೇಲೆ ಎಂಟು ವರ್ಷ ಅದನ್ನ ಅಮ್ಮನ ತಲೆ ಮೇಲೆ ಹೊರಿಸಿದೀಯ. ಈಗ ಕಾಲೇಜಿನ ಯಾರೋ ಮೂರು ಜನ ಗುರುತಿಲ್ಲದವರಿಗೆ ಮೊದಲು ಗೊತ್ತಾಗ್ಬೇಕಾ? ಮೊದಲು ಮನೆಗೆ ಹೋಗು. ಅದಾಗದೆ ನಾನು ಶಿಫಾರಸಿಗೆ ಸಹಿ ಹಾಕಲ್ಲ."

ಭಾನುವಾರ ಬೆಳಿಗ್ಗೆ ಅಮ್ಮ ತಾರಸಿಯಲ್ಲಿ ಒಗೆದ ಹೊದಿಕೆಗಳನ್ನು ಹಗ್ಗದಿಂದ ತೆಗೆಯುತ್ತಿದ್ದಳು. ದೊಡ್ಡ ಹೊದಿಕೆ ಮಡಚಲು ಇಬ್ಬರು ಬೇಕು. ಚೂಟಿ ಎದುರು ತುದಿ ಹಿಡಿದಳು. ಇಬ್ಬರೂ ಬಟ್ಟೆಯನ್ನು ಎಳೆದು ಬಿಗಿ ಮಾಡಿ, ಅಂಚಿಗೆ ಅಂಚು ಕೂಡಿಸಿದರು. ಹಾಗೆ ಹಿಡಿದುಕೊಂಡಿದ್ದಾಗಲೇ ಚೂಟಿ ಹೇಳಿದಳು. ಹೇಗೆ ಶುರುಮಾಡಬೇಕೆಂದು ರಾತ್ರಿಯೆಲ್ಲ ಹೊಂದಿಸಿಟ್ಟುಕೊಂಡ ಮಾತುಗಳೆಲ್ಲ ಕೈಕೊಟ್ಟವು.

"ಅಮ್ಮ, ಅವತ್ತು ಡಬ್ಬೀಲಿ ಎರಡಿದ್ದವು. ನೀನು ಹೇಳಿದ್ದು ಸರಿ. ನಾನೇ ಹಾಕಿದ್ದೆ. ನಾನೇ ಆಮೇಲೆ ತೆಗೆದುಬಿಟ್ಟೆ."

ಅಮ್ಮ ಬಟ್ಟೆಯನ್ನು ಬಿಡಲಿಲ್ಲ. ಮುಂದೆ ನಡೆದು ಬಂದು ಚೂಟಿಯ ಕೈಯಲ್ಲಿದ್ದ ತುದಿಗಳನ್ನು ತಾನೇ ತೆಗೆದುಕೊಂಡು, ಮಡಿಕೆಯನ್ನು ಪೂರ್ತಿ ಮಾಡಿ, ಬುಟ್ಟಿಯಲ್ಲಿಟ್ಟಳು. ಆಮೇಲೆ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳೆಂದಳು. ಚೂಟಿ ಹೇಳಿದಳು. ಅಮ್ಮ ನಡುನಡುವೆ ಕೇಳಿದ ಪ್ರಶ್ನೆಗಳು ಚೂಟಿ ಗಿರಾಕಿಗಳಿಗೆ ಕೇಳುವುದಕ್ಕಿಂತ ಚೊಕ್ಕವಾಗಿದ್ದವು. ಅಂಗಡಿಯವನು ಹೇಳಿದ್ದು ಕೇಳಿಸಿತ್ತಾ? ಉಳಿದ ಎಷ್ಟು ಮಾತ್ರೆ ಎಸೆದೆ? ನಾನು ಆಸ್ಪತ್ರೆಯಲ್ಲಿ ಎರಡಿತ್ತು ಅಂದಾಗ ನೀನು ಅಲ್ಲೇ ಇದ್ದೆಯಾ?

ಇದ್ದೆ ಎಂದಳು ಚೂಟಿ.

"ಒಂದು ಬಿಳಿ, ಒಂದು ಹಳದಿ," ಎಂದಳು ಅಮ್ಮ. "ಬಿಳಿದು ಮೊದಲು ನುಂಗಿದೆ. ಹಳದಿ ಗಂಟಲಲ್ಲಿ ಸಿಕ್ಕಿ ಇನ್ನೊಂದು ಗುಟುಕು ನೀರು ಕುಡಿದೆ. ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿಮ್ಮಪ್ಪ ಡಬ್ಬಿ ತೋರಿಸಿದಾಗ, ಕಣ್ಣಿಗೆ ಕಂಡಿದ್ದೂ ಸುಳ್ಳು ಅಂದ್ರೆ ಇನ್ನು ನನ್ನ ಯಾವುದನ್ನ ನಂಬೋದು ಅಂದ್ಕೊಂಡೆ. ಅವತ್ತಿಂದ ನಂಬಿಲ್ಲ."

ಚೂಟಿ ಅಮ್ಮನ ಕಾಲ ಬಳಿ ಕುಸಿದು ಅತ್ತಳು. ಅಮ್ಮ ಅವಳ ತಲೆ ನೇವರಿಸಲಿಲ್ಲ, ದೂರವೂ ತಳ್ಳಲಿಲ್ಲ. ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರು ಒದ್ದು ಒದ್ದು ಚಾಲೂ ಮಾಡಲು ಹೆಣಗುತ್ತಿದ್ದರು. ಅದು ಚಾಲೂ ಆಗಿ ಹೊರಟುಹೋಯಿತು. ಆಮೇಲೆ ಅಮ್ಮ, ಈಗೇಕೆ ಹೇಳಿದೆ ಎಂದು ಕೇಳಿದಳು. ಚೂಟಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಅರ್ಜಿಯ ವಿಷಯ ಹೇಳಿದಳು.

"ಓಹೋ. ಕಾಲೇಜಿನೋರು ಕೇಳಿದ್ದಕ್ಕೆ," ಎಂದು ಅಮ್ಮ ಬುಟ್ಟಿ ಎತ್ತಿಕೊಂಡು ಎದ್ದಳು. "ಕೆಳಗೆ ಬಾ. ನಿಮ್ಮಪ್ಪನಿಗೆ ನೀನೇ ಹೇಳು. ನಾನು ಹೇಳಿದ್ರೆ ಯಾರು ನಂಬ್ತಾರೆ?"

ಅಪ್ಪ ಊಟಕ್ಕೆ ಕೂತಿದ್ದಾಗ ಚೂಟಿ ಎರಡನೆಯ ಸಲ ಹೇಳಿದಳು. ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಮೊದಲು ಮಗಳನ್ನು ನೋಡಿದರು, ಆಮೇಲೆ ಹೆಂಡತಿಯನ್ನು. ಹೋಗಲಿ ಬಿಡು, ಚಿಕ್ಕ ಹುಡುಗಿ, ಹೆದರಿದ್ದಳು ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಎಂಟು ವರ್ಷ ಕಟ್ಟಿದ್ದು ಒಂದೇ ತುತ್ತಿಗೆ ಕುಸಿಯುವುದನ್ನು ಅವರಿಂದ ತಾಳಲಾಗಲಿಲ್ಲವೇನೋ. ಅದೊಂದೇ ಅಲ್ಲವಲ್ಲ, ಆಮೇಲೂ ಮರೆತದ್ದಿದೆ ಎಂದು ಎಣಿಸತೊಡಗಿದರು. ಕೊಡೆ ಬಸ್ಸಿನಲ್ಲಿ ಬಿಟ್ಟದ್ದು, ಹಾಲು ಉಕ್ಕಿದ್ದು, ಕರೆಂಟು ಬಿಲ್ಲು.

"ನಿಮ್ಮ ಕೊಡೆ ಎಷ್ಟು ಹೋಗಿದೆ ಎಂಟು ವರ್ಷದಲ್ಲಿ?" ಎಂದು ಅಮ್ಮ ಕೇಳಿದಳು. ದನಿ ಏರಿರಲಿಲ್ಲ. "ಮೂರು. ನೀಲಿ ಒಂದು, ಕರಿದು ಎರಡು. ನಿಮಗೆ ಯಾರಾದ್ರೂ ಚೀಟಿ ಅಂಟಿಸಿದ್ರಾ?"

ಅಪ್ಪ ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದರು. ಅಂದು ಸಂಜೆ ಒಬ್ಬರೇ ಅಡುಗೆಮನೆಗೆ ಹೋಗಿ ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದುದನ್ನು ಚೂಟಿ ನೋಡಿದಳು. ಹಳೆಯ ಅಂಟು ಸುಲಭಕ್ಕೆ ಬಿಡುತ್ತಿರಲಿಲ್ಲ. ಅಮ್ಮ ಪಕ್ಕದಲ್ಲೇ ತರಕಾರಿ ಹೆಚ್ಚುತ್ತಿದ್ದಳು. ನೋಡಿಯೂ ನೋಡದವಳ ಹಾಗಿದ್ದಳು.

ಎರಡು ದಿನ ಬಿಟ್ಟು ಅಮ್ಮ, ಬರೆದದ್ದನ್ನು ಕೊಡು, ಓದುತ್ತೇನೆ ಎಂದಳು. ಚೂಟಿ ಹಿಂದೆಗೆದಳು. ನನ್ನ ವಿಷಯ ತಾನೇ ಬರೆದಿರುವುದು, ನಾನು ಓದಬಾರದೇ ಎಂದಳು ಅಮ್ಮ. ಚೂಟಿ ಹಾಳೆಗಳನ್ನು ತಂದುಕೊಟ್ಟಳು. ಅಮ್ಮ ಕಿಟಕಿಯ ಬಳಿ ಕೂತು, ಬಟ್ಟೆಯ ಮೇಲೆ ಗೆರೆ ಎಳೆಯುವವಳ ಹಾಗೆ ಸಾಲು ಸಾಲಿಗೂ ಬೆರಳಿಟ್ಟು ಓದಿದಳು. ಒಂದು ಕಡೆ ಬೆರಳು ನಿಂತಿತು.

"ಬುಧವಾರ ಅಂತ ಬರೆದಿದೀಯ. ನಾನು ಬಿದ್ದಿದ್ದು ಗುರುವಾರ. ಸೋಮವಾರದಿಂದ ಲೆಕ್ಕ ಹಾಕು."

ಚೂಟಿ ತಿದ್ದಿದಳು. ಬೆರಳು ಮತ್ತೆ ಮುಂದೆ ಸರಿಯಿತು. ಕೊನೆಯ ಪ್ಯಾರಾಕ್ಕೆ ಬಂದು ಬಹಳ ಹೊತ್ತು ಅಲ್ಲೇ ಉಳಿಯಿತು. ಅದನ್ನು ಹೊಡೆದುಹಾಕಬೇಕಿತ್ತು ಎಂದು ಚೂಟಿಗೆ ಆಗ ಹೊಳೆಯಿತು.

"ಕ್ಷಮಿಸಿದರು ಅಂತ ಇದೆಯಲ್ಲ," ಎಂದಳು ಅಮ್ಮ. "ಇದು ಯಾವಾಗ ಆಯ್ತು? ನಂಗೆ ನೆನಪಿಲ್ಲ."

ಕೊಂಕಿಗೆ ಹೇಳಿದಳೋ, ನಿಜಕ್ಕೂ ಎಂಟು ವರ್ಷದ ಅಭ್ಯಾಸದಿಂದ ತನ್ನನ್ನೇ ಅನುಮಾನಿಸಿ ಕೇಳಿದಳೋ, ಚೂಟಿಗೆ ತಿಳಿಯಲಿಲ್ಲ.

"ಆಗಿಲ್ಲ ಅಮ್ಮ. ನೀನು ಮರೆತಿಲ್ಲ. ಅದು ಆಗೇ ಇಲ್ಲ. ನಾನು ಸುಮ್ಮನೆ ಬರೆದೆ."

"ಹಾಗಾದ್ರೆ ತೆಗಿ. ನಾನು ಮಾಡದೇ ಇರೋದನ್ನ ನನ್ನ ಹೆಸರಲ್ಲಿ ಬರೀಬೇಡ. ಒಂದು ಸಲ ಆಗಿದ್ದು ಸಾಕು." ಹಾಳೆಗಳನ್ನು ತಟ್ಟಿ ಸಮ ಮಾಡಿ ಕೊಟ್ಟಳು. "ಮಿಕ್ಕಿದ್ದು ಕಳಿಸು. ಬೇಡ ಅನ್ನಲ್ಲ."

ಚೂಟಿ ಆ ಪ್ಯಾರಾ ಹೊಡೆದುಹಾಕಿದಳು. ಅದರ ಜಾಗಕ್ಕೆ ಬೇರೇನೂ ತೋಚಲಿಲ್ಲ. ಬಂದವರನ್ನೆಲ್ಲ ಹಳೆಯ ಮಾತ್ರೆ ನಿಲ್ಲಿಸಿದಿರಾ ಎಂದು ಕೇಳುವ ಚಟ ತನಗೆ ಹೇಗೆ ಬಂತೆಂದು ಎರಡು ಸಾಲು ಬರೆದು ಬಿಟ್ಟುಬಿಟ್ಟಳು. ಮೇಡಂ ಓದಲಿಲ್ಲ, ಅಮ್ಮನಿಗೆ ಹೇಳಿದೆಯಾ ಎಂದಷ್ಟೇ ಕೇಳಿ ಶಿಫಾರಸು ಪತ್ರಕ್ಕೆ ಸಹಿ ಹಾಕಿದರು. ಕೊನೆಯ ದಿನಕ್ಕೆ ಒಂದು ದಿನ ಮುಂಚೆ ಅರ್ಜಿ ಹೋಯಿತು.

ಎರಡು ತಿಂಗಳ ನಂತರ ಸಂದರ್ಶನಕ್ಕೆ ಕರೆ ಬಂತು. ಮೇಜಿನ ಆಚೆ ಮೂವರಿದ್ದರು. ನಡುವಿನಲ್ಲಿದ್ದ ವಯಸ್ಸಾದ ಪ್ರೊಫೆಸರು, ಇದನ್ನು ಬರೆಯದೆ ಹೋಗಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲವಲ್ಲ ಎಂದರು. ಅವಳು ಹೌದೆಂದಳು. ತಪ್ಪು ಮುಚ್ಚಿಟ್ಟವರನ್ನು ಈ ಕೆಲಸಕ್ಕೆ ನಂಬುವುದು ಹೇಗೆ ಎಂದು ಬಲಗಡೆಯ ಮಹಿಳೆ ನೇರವಾಗಿಯೇ ಕೇಳಿದರು. ಚೂಟಿ ಅದಕ್ಕೆ ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದಳು, ಆದರೆ ಅದು ಬಾಯಿಗೆ ಬರಲಿಲ್ಲ. ತನಗೂ ಗೊತ್ತಿಲ್ಲ, ಮುಚ್ಚಿಟ್ಟರೆ ಏನಾಗುತ್ತದೆ ಎನ್ನುವುದು ಮಾತ್ರ ಗೊತ್ತು ಎಂದಳು. ನಿಮ್ಮ ತಾಯಿ ಈಗ ಕ್ಷಮಿಸಿದ್ದಾರೆಯೇ ಎಂದು ಆಕೆ ಮತ್ತೆ ಕೇಳಿದರು. ಇಲ್ಲ ಎಂದು ಹೇಳಿ ಚೂಟಿ ಹೊರಗೆ ಬಂದಳು. ಸೀಟು ಹೋಯಿತೆಂದೇ ಅಂದುಕೊಂಡಳು. ಮೊದಲ ಪಟ್ಟಿಯಲ್ಲಿ ಹೆಸರಿರಲಿಲ್ಲ. ಎರಡನೆಯ ಪಟ್ಟಿಯಲ್ಲಿ ಕೊನೆಯಿಂದ ನಾಲ್ಕನೆಯದಾಗಿ ಬಂತು.

ಆ ನಡುವೆ ಅಮ್ಮ ತನ್ನ ಹಳೆಯ ಘಟಕಕ್ಕೆ ಒಬ್ಬಳೇ ಹೋಗಿ ಬಂದಿದ್ದಳು. ಅಲ್ಲೀಗ ಕಂಪ್ಯೂಟರೇ ಗೆರೆ ಎಳೆದು ಬಟ್ಟೆ ಕತ್ತರಿಸುತ್ತದೆ, ಕೈಯಲ್ಲಿ ಕತ್ತರಿಸುವವರು ಬೇಕಿಲ್ಲ ಎಂದರಂತೆ. ಹಾಗೆಂದು ಅಪ್ಪನಿಗೆ ಹೇಳುವಾಗ ಅಮ್ಮ ಚೂಟಿಯ ಕಡೆ ನೋಡಲಿಲ್ಲ. ನೋಡಿದ್ದರೆ ತಾಳಿಕೊಳ್ಳಬಹುದಿತ್ತು. ಕೊನೆಗೆ ಎರಡು ಬೀದಿ ಆಚೆಯ ಪುಟ್ಟ ದರ್ಜಿ ಅಂಗಡಿಯಲ್ಲಿ ಅಮ್ಮನಿಗೆ ಕೆಲಸ ಸಿಕ್ಕಿತು. ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಸಡಿಲಿಸುವುದು. ಹಿಂದಿನ ಕೆಲಸಕ್ಕೆ ಹೋಲಿಸಿದರೆ ಅದು ಏನೇನೂ ಅಲ್ಲ. ಆದರೂ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಹೊರಡುತ್ತಿದ್ದಳು.

ಚೂಟಿ ಹಾಸ್ಟೆಲ್ಲಿಗೆ ಹೊರಟ ದಿನ ಬಸ್ಸಿಗೆ ಹತ್ತಿಸಲು ಬಂದವರು ಅಪ್ಪ ಒಬ್ಬರೇ. ಅಮ್ಮ ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟು, ಹುಷಾರು ಎಂದು ಹೇಳಿ ಕೆಲಸಕ್ಕೆ ಹೋಗಿದ್ದಳು. ಬಸ್ಸು ಹೊರಡುವ ಮುಂಚೆ ಅಪ್ಪ ಕಿಟಕಿಯ ಸರಳು ಹಿಡಿದು, ಅವಳಿಗೂ ಸ್ವಲ್ಪ ದಿನ ಬೇಕು ಕಣೇ, ನನ್ನ ಜೊತೆಗೂ ಅಷ್ಟಕ್ಕಷ್ಟೇ ಎಂದರು.

ಆರು ವಾರ ಚೂಟಿಯೇ ಮನೆಗೆ ಫೋನ್ ಮಾಡಿದಳು. ಅಮ್ಮ ಕೇಳಿದ್ದಕ್ಕೆ ಉತ್ತರ ಕೊಟ್ಟು ಫೋನನ್ನು ಅಪ್ಪನ ಕೈಗೆ ದಾಟಿಸುತ್ತಿದ್ದಳು. ಏಳನೆಯ ವಾರ, ಲ್ಯಾಬಿನಿಂದ ಹೊರಬರುತ್ತಿದ್ದಾಗ ಅಮ್ಮನ ಕರೆ ಬಂತು. ಏನಾಯಿತೋ ಎಂದು ಚೂಟಿ ಗಾಬರಿಯಿಂದ ಎತ್ತಿದಳು.

ಏನೂ ಆಗಿರಲಿಲ್ಲ. ಅಂಗಡಿಗೆ ಒಬ್ಬ ಗಿರಾಕಿ ಬಂದು, ಪ್ಯಾಂಟಿನ ಉದ್ದ ತಪ್ಪಾಗಿದೆ ಎಂದು ಗಲಾಟೆ ಮಾಡಿದನಂತೆ. ತಾನು ಹೇಳಿದ್ದು ಮೂವತ್ತೊಂಬತ್ತು ಇಂಚು, ಈಕೆ ಮರೆತು ಮೂವತ್ತೆಂಟಕ್ಕೆ ಮಡಚಿದ್ದಾಳೆ ಎಂದನಂತೆ. ದರ್ಜಿ ಆಗಲೇ ಗಿರಾಕಿಯ ಕಡೆಗೆ ವಾಲಿ, ಆಯಿತು ಬಿಡಿ, ಸರಿಮಾಡಿ ಕೊಡುತ್ತೇವೆ ಎಂದನಂತೆ.

"ನಾನು ಕೆಲಸ ಕೆಳಗಿಟ್ಟೆ," ಎಂದಳು ಅಮ್ಮ. "ಮೂವತ್ತೆಂಟು ಅಂದ್ರಿ, ಶೂ ಹಾಕ್ಕೊಂಡೇ ಅಳತೆ ಕೊಟ್ರಿ, ಜೊತೇಲಿ ನಿಮ್ಮ ತಮ್ಮ ಇದ್ರು, ಅವರನ್ನ ಕೇಳಿ ಅಂದೆ. ಅಲ್ಲೇ ಫೋನ್ ಹಚ್ಚಿದ. ತಮ್ಮ ಮೂವತ್ತೆಂಟೇ ಅಂದ. ನಾನು ಮರೆತಿಲ್ಲ ಅಂದೆ. ಇಬ್ಬರ ಮುಂದೆ."

ಚೂಟಿ, ಒಳ್ಳೆಯದಾಯಿತು ಅಮ್ಮ ಎಂದಳು. ಆ ಕಡೆಯಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಇನ್ನೇನಾದರೂ ಹೇಳುತ್ತಾಳೇನೋ ಎಂದು ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಊಟ ಆಯಿತಾ ಎಂದು ಅಮ್ಮ ಕೇಳಲಿಲ್ಲ. ಗಿರಾಕಿ ಬಂದರು, ಇಡುತ್ತೇನೆ ಎಂದು ಹೇಳಿ ಇಟ್ಟುಬಿಟ್ಟಳು.